ಚನ್ನಪಟ್ಟಣದ ಬೊಂಬೆ ಲೇತ್: ಬೆಂಚಿಗೆ ಕೂರಿಸುವ ಕ್ರಮ

ಚನ್ನಪಟ್ಟಣ: ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರಾಜಧಾನಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣವು ಬೊಂಬೆಗಳ ಊರೆಂದೇ ಖ್ಯಾತಿ ಪಡೆದಿದೆ. ಇಲ್ಲಿನ ಆಲೆ ಮರ, ಅರಗು, ಬಣ್ಣ ಹಾಗೂ ಕುಶಲಕರ್ಮಿಗಳ ಕೈಚಳಕದ ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಇವೆಲ್ಲವೂ ಒಂದೆಡೆ ಸೇರುವ ಲೇತ್ ಯಂತ್ರವು ಯಾವುದರ ಮೇಲೆ, ಹೇಗೆ ಕುಳಿತಿದೆ ಎಂಬುದರತ್ತ ಗಮನ ಹರಿಸಿದವರು ಕಡಿಮೆ. ಅರಗು ಸಮನಾಗಿ ಹಿಡಿಯಲಿಲ್ಲ, ಮಣಿ ಗುಂಡಗೆ ಬರಲಿಲ್ಲ, ಉಳಿ ಕಚ್ಚಿಕೊಂಡಿತು ಎಂಬ ದೂರುಗಳಲ್ಲಿ ಹಲವಕ್ಕೆ ಮೂಲ ಕಾರಣ ಮರವೂ ಅಲ್ಲ, ಅರಗೂ ಅಲ್ಲ, ಅಲುಗಾಡುವ ಬೆಂಚು.

ಹದಿನೆಂಟನೆಯ ಶತಮಾನದಲ್ಲಿ ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಗೆ ನೆಲೆ ಒದಗಿಸಿದನೆಂಬುದು ಪ್ರತೀತಿ. ಜಪಾನಿನ ಅರಗಿನ ಕೆಲಸವನ್ನು ಅಭ್ಯಸಿಸಿ ಬಂದ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣ ಬೊಂಬೆಯ ಪಿತಾಮಹರೆಂದು ಸ್ಮರಿಸಲಾಗುತ್ತದೆ. ಹಿಂದೆ ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತ ಮರವನ್ನು ತಿರುಗಿಸಿ, ಮತ್ತೊಂದು ಕೈಯಲ್ಲಿ ಉಳಿ ಹಿಡಿಯಲಾಗುತ್ತಿತ್ತು. ಕೈ ಲೇತಿಗೆ ಭೂಮಿಯೇ ಬೆಂಚಾಗಿದ್ದುದರಿಂದ ಅಲುಗಾಟದ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ವಿದ್ಯುತ್ ಮೋಟಾರು ಬಂದ ಮೇಲೆ ಯಂತ್ರ ನೆಲದಿಂದ ಮೇಲೇರಿತು. ಸಮಸ್ಯೆಯೂ ಅದರೊಂದಿಗೇ ಏರಿತು.

ಅರಗಿಗೇಕೆ ಸ್ಥಿರತೆ?

ಚನ್ನಪಟ್ಟಣದ ಬೊಂಬೆಗೆ ಕುಂಚದಿಂದ ಬಣ್ಣ ಬಳಿಯುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಲಾಗುತ್ತದೆ. ಉಜ್ಜುವಿಕೆಯ ಶಾಖಕ್ಕೆ ಅರಗು ಮೆದುವಾಗಿ ಮರವನ್ನು ಹಿಡಿಯುತ್ತದೆ. ಬಳಿಕ ಸ್ಥಳೀಯವಾಗಿ ತಾಳೆ ಗರಿ ಎಂದು ಕರೆಯುವ ಕೇದಗೆ ಜಾತಿಯ ಗರಿಯಿಂದ ಒತ್ತಿ ಹರಡಿದಾಗ ಹೊಳಪು ಬರುತ್ತದೆ. ಮರವು ಕೂದಲೆಳೆಯಷ್ಟು ಓರೆಯಾಗಿ ತಿರುಗಿದರೂ ಕಡ್ಡಿಯು ಉಬ್ಬಿದ ಬದಿಯನ್ನು ಮಾತ್ರ ಮುಟ್ಟುತ್ತದೆ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಇದನ್ನು ಅರಗಿನ ದೋಷವೆಂದು ತಿಳಿದು ಕಡ್ಡಿ ಬದಲಿಸಿದರೆ ಪ್ರಯೋಜನವಿಲ್ಲ.

ವೇಗದ ಲೆಕ್ಕವೂ ಇಲ್ಲಿ ಮುಖ್ಯ. ತೂಕದ ಅಸಮತೋಲದಿಂದ ಉಂಟಾಗುವ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ವೇಗ ಎರಡರಷ್ಟಾದರೆ ಬೆಂಚಿನ ಮೇಲಿನ ಕುಲುಕಾಟದ ಬಲ ನಾಲ್ಕರಷ್ಟಾಗುತ್ತದೆ.

ಬೆಂಚು ಮತ್ತು ಬೋಲ್ಟು

ಬೆಂಚಿನ ಕಾಲುಗಳು ಗಟ್ಟಿ ಮರದವು ಅಥವಾ ಕಬ್ಬಿಣದ ಆಂಗಲ್‌ನವು ಆಗಿರಬೇಕು. ಮೇಲಿನ ಹಲಗೆ ಕನಿಷ್ಠ ಎರಡು ಅಂಗುಲ ದಪ್ಪವಿದ್ದರೆ ಒಳಿತು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಪ್ಲೈವುಡ್ ಚೂರು ಮೊದಲಾದವುಗಳಲ್ಲಿ ಕೆಲಸ ಸಾಗಿಸುವುದು ಮೊದಲಿಗೆ ಅಗ್ಗವೆನಿಸಿದರೂ ಆ ಉಳಿತಾಯ ಕೆಟ್ಟ ಮಾಲಿನ ರೂಪದಲ್ಲಿ ಕೈಬಿಟ್ಟು ಹೋಗುತ್ತದೆ. ಕಾಲುಗಳ ನಡುವೆ ಓರೆ ಪಟ್ಟಿಗಳನ್ನು ಬಿಗಿದು, ಕೆಳಗಿನ ಅಟ್ಟಣೆಯಲ್ಲಿ ಮರಳಿನ ಚೀಲಗಳನ್ನಿಟ್ಟರೆ ಬೆಂಚಿನ ತೂಕ ಹೆಚ್ಚಿ ಕಂಪನ ತಗ್ಗುತ್ತದೆ. ಎತ್ತರದ ವಿಷಯದಲ್ಲಿ ಒಂದೇ ನಿಯಮ: ನಿಂತು ಕೆಲಸ ಮಾಡುವವರ ಮೊಣಕೈ ಮತ್ತು ಮರ ತಿರುಗುವ ನಡುರೇಖೆ ಸರಿಸುಮಾರು ಒಂದೇ ಮಟ್ಟದಲ್ಲಿರಬೇಕು. ಒಂದೇ ಯಂತ್ರದಲ್ಲಿ ಎತ್ತರದವರೂ ಕುಳ್ಳಗಿನವರೂ ದುಡಿಯುವ ಕಡೆ, ಎತ್ತರದವರಿಗೆ ಹೊಂದುವಂತೆ ಬೆಂಚು ಮಾಡಿ ಉಳಿದವರಿಗೆ ಕಾಲ ಕೆಳಗೆ ಹಲಗೆ ಹಾಕುವುದೇ ಸರಿ. ಬೆನ್ನು ಬಗ್ಗಿಸಿ ದಿನವಿಡೀ ನಿಲ್ಲುವುದಕ್ಕಿಂತ ಇದು ಮೇಲು.

ಲೇತಿನ ಬುಡವನ್ನು ಸ್ಕ್ರೂಗಳಿಂದ ಹಲಗೆಗೆ ಬಿಗಿಯುವುದು ಸಲ್ಲದು. ಕಂಪನಕ್ಕೆ ಸ್ಕ್ರೂ ತನ್ನ ರಂಧ್ರವನ್ನು ತಾನೇ ಅಗಲಿಸಿಕೊಳ್ಳುತ್ತದೆ. ಹಲಗೆಯನ್ನು ಕೊರೆದು ಬೋಲ್ಟನ್ನು ಆರಪಾರ ತೂರಿಸಿ, ಕೆಳಗೆ ಅಗಲವಾದ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ನಂತರ ನಟ್ಟು ಹಾಕಬೇಕು.

ಹೆಚ್ಚಿನವರು ಎಡವುವುದು ಇದರ ನಂತರದ ಹಂತದಲ್ಲಿ. ಹಲಗೆ ಎಷ್ಟೇ ನಯವಾಗಿ ಕಂಡರೂ ಪೂರ್ಣ ಸಮತಟ್ಟಾಗಿರುವುದಿಲ್ಲ. ಯಂತ್ರದ ನಾಲ್ಕು ಮೂಲೆಗಳಲ್ಲಿ ಮೂರು ಕುಳಿತು ಒಂದು ಎದ್ದಿರುತ್ತದೆ. ಸ್ಪ್ಯಾನರ್‌ನಿಂದ ಆ ಮೂಲೆಯನ್ನು ಎಳೆದು ಬಿಗಿದರೆ ಕಬ್ಬಿಣದ ಬುಡವೇ ತಿರುಚಿಕೊಳ್ಳುತ್ತದೆ. ಸ್ಪಿಂಡಲ್ಲಿನ ದಿಕ್ಕು ತಪ್ಪುತ್ತದೆ. ಆದ್ದರಿಂದ ಬೋಲ್ಟುಗಳನ್ನು ಸಡಿಲವಾಗಿಟ್ಟು, ಎದ್ದ ಮೂಲೆಯ ಕೆಳಗೆ ತಗಡಿನ ಚೂರನ್ನು ತುಂಬಿ, ಅದು ಕೈಗೆ ಅಲುಗದಂತಾದ ಬಳಿಕವೇ ಎದುರು ಬದುರು ಮೂಲೆಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ರಸಮಟ್ಟ ಇಟ್ಟು ನೋಡುವುದು ಒಳ್ಳೆಯದೇ. ಆದರೆ ಯಂತ್ರ ತಿರುಚಿಲ್ಲದಿರುವುದು ಅದಕ್ಕಿಂತ ಮುಖ್ಯ. ಕೊನೆಗೆ ಬೆಂಚಿನ ಮೇಲೆ ನೀರು ತುಂಬಿದ ಲೋಟವೊಂದನ್ನಿಟ್ಟು ಖಾಲಿ ಯಂತ್ರವನ್ನು ಓಡಿಸಿದರೆ, ನೀರಿನ ಮೇಲಿನ ಅಲೆಗಳೇ ಉಳಿದ ವಿಷಯ ಹೇಳುತ್ತವೆ.

ಮೋಟಾರು, ಬೆಲ್ಟು, ವೇಗ

ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಮೋಟಾರಿಗೂ ಸ್ಪಿಂಡಲ್ಲಿಗೂ 4, 3, 2 ಅಂಗುಲಗಳ ಮೆಟ್ಟಿಲು ಪುಲ್ಲಿಗಳನ್ನು ಪರಸ್ಪರ ತಿರುಗುಮುರುಗಾಗಿ ಹಾಕಿದರೆ ಒಂದೇ ಬೆಲ್ಟಿನಿಂದ 2880, 1440 ಮತ್ತು 720 ಸುತ್ತುಗಳು ಲಭಿಸುತ್ತವೆ. ಇದರ ಅಗತ್ಯವನ್ನು ಒಂದು ಲೆಕ್ಕ ಸ್ಪಷ್ಟಪಡಿಸುತ್ತದೆ. 5 ಸೆಂ.ಮೀ. ವ್ಯಾಸದ ಬೊಂಬೆಯ ಮೈ 1440 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 3.8 ಮೀಟರ್ ಸಾಗಿದರೆ, 1 ಸೆಂ.ಮೀ. ಮಣಿಯ ಮೈ ಅದೇ ಸುತ್ತಿನಲ್ಲಿ 0.75 ಮೀಟರ್ ಮಾತ್ರ ಸಾಗುತ್ತದೆ. ಅಷ್ಟು ಕಡಿಮೆ ಉಜ್ಜುವಿಕೆಗೆ ಅರಗು ಸುಲಭವಾಗಿ ಕರಗದು. ಸಣ್ಣ ಮಣಿಗೆ ಹೆಚ್ಚು ವೇಗ, ದೊಡ್ಡ ಬಟ್ಟಲಿಗೆ ಕಡಿಮೆ ವೇಗ ಎಂಬುದು ಇದರಿಂದಲೇ ಬಂದ ರೂಢಿ.

ಎರಡೂ ಪುಲ್ಲಿಗಳ ಮುಖ ಒಂದೇ ಗೆರೆಯಲ್ಲಿದೆಯೇ ಎಂದು ದಾರ ಹಿಡಿದು ಪರೀಕ್ಷಿಸಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಅರ್ಧ ಅಂಗುಲದಷ್ಟು ತಗ್ಗಿದರೆ ಬಿಗಿ ಸಾಕು. ಬೆಲ್ಟಿಗೆ ತಗಡಿನ ಕವಚ ಇರಲೇಬೇಕು.

ಮರದ ಮೇಲ್ಭಾಗ ಕುಶಲಕರ್ಮಿಯತ್ತ ಬರುವಂತೆ ಯಂತ್ರ ತಿರುಗಬೇಕು. ದಿಕ್ಕು ಉಲ್ಟಾ ಆದರೆ ಉಳಿ ಮೇಲಕ್ಕೆ ಎಗರುವುದಲ್ಲದೆ, ಸ್ಪಿಂಡಲ್ಲಿಗೆ ಹೆಣೆದ ಚಕ್ ತಾನಾಗಿಯೇ ಬಿಚ್ಚಿಕೊಳ್ಳುವ ಅಪಾಯವೂ ಇದೆ. ಮೊದಲ ಬಾರಿ ಸ್ವಿಚ್ ಒತ್ತುವಾಗ ಮರ ಕಟ್ಟದೆ, ಬದಿಗೆ ಸರಿದು ನಿಂತು ನೋಡುವುದು ಕ್ಷೇಮ.

ಚಕ್‌ನೊಳಗೆ ಆಲೆ ಮರದ ತುಂಡನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ ಮೇಲೆ ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಪೆನ್ಸಿಲ್ ತುದಿಯನ್ನು ಹತ್ತಿರ ಹಿಡಿದಾಗ ಗುರುತು ಒಂದೇ ಬದಿಗೆ ಬಿದ್ದರೆ ತುಂಡು ಓರೆ ಕುಳಿತಿದೆ ಎಂದರ್ಥ. ಉಳಿ ಊರುವ ಆಸರೆ ಪಟ್ಟಿಯು ಮರಕ್ಕೆ ಸುಮಾರು 3 ಮಿ.ಮೀ. ಅಂತರದಲ್ಲಿರಲಿ. ಮರ ಸವೆದಂತೆ ಯಂತ್ರ ನಿಲ್ಲಿಸಿ ಪಟ್ಟಿಯನ್ನು ಮುಂದಕ್ಕೆ ಸರಿಸಬೇಕು. ಅಂತರ ಹೆಚ್ಚಿದಷ್ಟೂ ಉಳಿಯ ತುದಿ ಒಳಕ್ಕೆ ಸೆಳೆಯಲ್ಪಟ್ಟು ಬೆರಳು ಸಿಕ್ಕಿಕೊಳ್ಳುವ ಸಂಭವವಿದೆ. ಮರಳು ಕಾಗದ ಹಾಗೂ ಅರಗಿನ ಕೆಲಸದ ವೇಳೆ ಪಟ್ಟಿಯನ್ನು ತೆಗೆದೇ ಇಡಬೇಕು.

ಬೆಳಕು, ಧೂಳು, ಕರೆಂಟು

ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 1440 ಸುತ್ತಿನಲ್ಲಿ ಚೌಕಾಕಾರದ ತುಂಡಿನ ಮೂಲೆಗಳು ಸೆಕೆಂಡಿಗೆ 96 ಬಾರಿ ಹಾದುಹೋಗುತ್ತವೆ. ಪರಿಣಾಮವಾಗಿ ರಭಸದಿಂದ ತಿರುಗುವ ಮರವು ಮೆಲ್ಲಗೆ ತಿರುಗುವಂತೆ ಕಣ್ಣಿಗೆ ತೋರಬಹುದು. ಕಡಿಮೆ ದರ್ಜೆಯ ಎಲ್‌ಇಡಿ ದೀಪಗಳಲ್ಲೂ ಈ ತೊಂದರೆ ಇದೆ. ಕಿಟಕಿಯ ಬೆಳಕು ಬೀಳುವೆಡೆ ಬೆಂಚು ಹಾಕುವುದು ಉತ್ತಮ.

ಸ್ವಿಚ್ಚು ಎಡಗೈಗೆ ನಿಲುಕುವಂತಿರಬೇಕು, ಮೋಟಾರಿನ ಮೈಗೆ ಅರ್ತಿಂಗ್ ಕೊಟ್ಟಿರಬೇಕು. ಕರೆಂಟು ಹೋದಾಗ ಸ್ವಿಚ್ ಆರಿಸದೆ ಚಹಾಕ್ಕೆ ಹೊರಡುವ ಅಭ್ಯಾಸ ಅತ್ಯಂತ ಅಪಾಯಕಾರಿ. ಕರೆಂಟು ಮರಳಿದೊಡನೆ ಯಂತ್ರ ಯಾರನ್ನೂ ಕೇಳದೆ ಹೊರಡುತ್ತದೆ. ವಿದ್ಯುತ್ ನಿಂತಾಗ ತಾನೇ ಕಳಚಿಕೊಂಡು, ಮತ್ತೆ ಒತ್ತದ ಹೊರತು ಹಿಡಿಯದ ಸ್ಟಾರ್ಟರ್ ಹಾಕಿಸುವುದು ಇದಕ್ಕೆ ಪರಿಹಾರ. ಸೀರೆಯ ಸೆರಗು, ದುಪಟ್ಟಾ, ಸಡಿಲ ತೋಳು, ಬಿಚ್ಚುಗೂದಲು ಯಂತ್ರದ ಬಳಿ ಸುಳಿಯಬಾರದು. ರಕ್ಷಣೆಗೆಂದು ಕೈಗವಸು ಧರಿಸುವುದೂ ತಪ್ಪು. ಅದು ಕೈಯನ್ನೇ ಒಳಗೆಳೆಯುತ್ತದೆ.

ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮನೆಯ ನಡುಮನೆಯಲ್ಲೇ ಲೇತ್ ಕೂರಿಸಿದರೆ ಈ ಧೂಳು ದುಡಿಯುವವರಿಗಷ್ಟೇ ಅಲ್ಲ, ಅಲ್ಲೇ ಮಲಗುವ ಮಕ್ಕಳಿಗೂ ತಗಲುತ್ತದೆ. ಹೊರಗೋಡೆಗೆ ಗಾಳಿಯಂತ್ರ ಅಳವಡಿಸಿ ಬೆಂಚನ್ನು ಅದರ ಎದುರಿಗಿಡಬೇಕು.

ಹೊಸದಾಗಿ ಕೂರಿಸಿದ ಲೇತಿನ ಬೋಲ್ಟುಗಳನ್ನು ಒಂದು ವಾರ ಕೆಲಸ ನಡೆದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಮರದ ಹಲಗೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಋತು ಬದಲಾದಾಗಲೆಲ್ಲ ತಗಡಿನ ಚೂರುಗಳನ್ನೂ ಪರೀಕ್ಷಿಸುವುದು ಅಗತ್ಯ.