ನೂಲು ಸೇರಿಸುವ ಕೈಗಳು

ಒಂದು ಕಾಲದಲ್ಲಿ ನಮ್ಮಲ್ಲಿ ಅನೇಕರ ಮನೆಗಳ ರೇಡಿಯೋ, ಟೀಪಾಯಿಗಳ ಮೇಲೆ ಕ್ರೋಶಾ ಹೊದಿಕೆ ಇದ್ದೇ ಇರುತ್ತಿತ್ತು. ಅದನ್ನು ಹೆಣೆದ ನಮ್ಮ ತಾಯಂದಿರು ನಡುವೆ ನೂಲು ಮುಗಿದರೆ ಗಂಟು ಹಾಕುತ್ತಿರಲಿಲ್ಲ. ಹಳೆಯ ಎಳೆಯ ತುದಿ, ಹೊಸ ಎಳೆಯ ತುದಿ ಎರಡನ್ನೂ ಸಾಲಿನಗುಂಟ ಮಲಗಿಸಿ, ಅವುಗಳ ಮೇಲೆಯೇ ಏಳೆಂಟು ಕುಣಿಕೆ ಹಾಕುತ್ತಿದ್ದರು. ತುದಿ ತೀರ ಗಿಡ್ಡವಾದರೆ ಒಗೆತದಲ್ಲಿ ಬಿಚ್ಚಿಕೊಳ್ಳುತ್ತದೆ. ಸೇರಿಸಿದ ಜಾಗ ಕಾಣದಿದ್ದರೇ ಅದು ಒಳ್ಳೆಯ ಕೆಲಸ.

ಗೋದಾವರಿ ತೀರದ ನರಸಾಪುರದಲ್ಲಿ ಈ ಕೈಚಳಕವೇ ಹೊಟ್ಟೆಪಾಡಾಯಿತು. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಆ ಸೀಮೆಯ ಬಡ ಹೆಂಗಸರಿಗೆ ಲೇಸ್ ಹೆಣಿಗೆ ಕಲಿಸಿದರು. ಕ್ರಮೇಣ ವ್ಯಾಪಾರಿಗಳು ಬಂದರು, ಕೆಲಸ ಹಂಚಿಹೋಯಿತು. ಕೆಲವರು ಹೂಗಳನ್ನಷ್ಟೇ ಹೆಣೆದರೆ, ಬೇರೆಯವರು ಅವನ್ನು ಜೋಡಿಸುವರು. ತೆಲುಗಿನಲ್ಲಿ ಇದಕ್ಕೆ ‘ಅತುಕು ಪನಿ’ ಎಂದು ಹೆಸರು. ಪ್ರತಿ ಹೂವಿಗೂ ನೂಲಿನ ತುದಿಗಳುಂಟು. ಅವನ್ನೆಲ್ಲ ಅಡಗಿಸಿದ ಮೇಲೆಯೇ ಮೇಜುವಸ್ತ್ರ ಪರದೇಶಕ್ಕೆ ಹೊರಡುವುದು.

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಈ ಹೆಂಗಸರನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ದಿನಕ್ಕೆ ಹಲವು ಗಂಟೆ ದುಡಿದರೂ ಅವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ; ಗೃಹಿಣಿಯರ ಬಿಡುವಿನ ಕೆಲಸವೆಂಬ ನೆಪದಲ್ಲಿ ಕೂಲಿ ಅತ್ಯಲ್ಪವಾಗಿಯೇ ಉಳಿಯಿತು ಎಂದು ಅವರು ತೋರಿಸಿಕೊಟ್ಟರು. ನಾವು ಕಚೇರಿಗಳಲ್ಲಿ ತುಂಬುವ ನಮೂನೆಗಳಲ್ಲೂ ‘ಗೃಹಿಣಿ’ ಎಂಬ ಒಂದೇ ಪದದಡಿ ಎಷ್ಟು ದುಡಿಮೆ ಮುಚ್ಚಿಹೋಗಿದೆಯೋ!

2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿದ್ದು ಸಂತೋಷ. ಹೈದರಾಬಾದಿನ ಪ್ರದರ್ಶನಗಳಲ್ಲಿ ನಾವು ಲೇಸಿನ ಬೆಲೆ ಚೌಕಾಸಿ ಮಾಡುವ ಮುನ್ನ ಒಮ್ಮೆ ಅದನ್ನು ಹಿಂಬದಿಗೆ ತಿರುಗಿಸಿ ನೋಡೋಣ. ತುದಿ ಕಾಣದಿದ್ದರೆ, ಅಷ್ಟು ಹೊತ್ತು ಯಾರೋ ಕಣ್ಣು ದಣಿಸಿಕೊಂಡಿದ್ದಾರೆಂದೇ ಅರ್ಥ.