ಸೌಂದರ್ಯವರ್ಧಕಗಳು ಮತ್ತು ಅಹಿಂಸೆ: ಕೊಳ್ಳುವ ಮುನ್ನ ಕೇಳಬೇಕಾದ ಎರಡು ಪ್ರಶ್ನೆಗಳು

ಅಹಿಂಸಾಣುವ್ರತವನ್ನು ಪಾಲಿಸುವ ಶ್ರಾವಕ-ಶ್ರಾವಿಕೆಯರು ಆಹಾರದಲ್ಲಿ ವಹಿಸುವ ಎಚ್ಚರ ಸೋಪು, ಶಾಂಪೂ, ಕ್ರೀಮು, ಲಿಪ್‌ಸ್ಟಿಕ್‌ಗಳಿಗೂ ಬೇಕು. ಹಿಂಸೆಯನ್ನು ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಅಂದರೆ ಕೃತ, ಕಾರಿತ, ಅನುಮೋದನ ಮೂರೂ ದೋಷವೇ. ಕೊಳ್ಳುವವರು ಎರಡು ಪ್ರಶ್ನೆ ಕೇಳಬೇಕು. ಇದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲಾಗಿದೆಯೇ? ಇದರಲ್ಲಿ ಪ್ರಾಣಿಜನ್ಯ ಪದಾರ್ಥವಿದೆಯೇ? ಒಂದರ ಉತ್ತರ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಪರೀಕ್ಷೆ

ಮೊಲದ ಕಣ್ಣಿಗೆ, ಕೂದಲು ತೆಗೆದ ಚರ್ಮಕ್ಕೆ ರಾಸಾಯನಿಕ ಹಾಕಿ ಉರಿ, ಹುಣ್ಣುಗಳನ್ನು ಗಮನಿಸುವ ಪರೀಕ್ಷೆ 1944ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಭಾರತವು 2014ರ ಮೇ ತಿಂಗಳಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ನಡೆಸುವ ಪರೀಕ್ಷೆಯನ್ನು ನಿಷೇಧಿಸಿತು. ಅದೇ ವರ್ಷದ ನವೆಂಬರ್‌ನಿಂದ ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ತಡೆಯಿತು. 2020ರ ಸೌಂದರ್ಯವರ್ಧಕ ನಿಯಮಗಳಲ್ಲೂ ಈ ನಿಷೇಧ ಮುಂದುವರಿದಿದೆ. ಆದರೆ ಬಂಧುಗಳು ವಿದೇಶದಿಂದ ತಂದುಕೊಡುವ ವಸ್ತುಗಳ ವಿಷಯದಲ್ಲಿ ಈ ಭರವಸೆ ಇರುವುದಿಲ್ಲ.

ಜಿಗಿಯುವ ಮೊಲದ 'ಲೀಪಿಂಗ್ ಬನ್ನಿ' ಮುದ್ರೆ ಪಡೆಯಲು ಕಂಪನಿಯಷ್ಟೇ ಅಲ್ಲ, ಅದಕ್ಕೆ ಕಚ್ಚಾವಸ್ತು ಪೂರೈಸುವವರೂ ಪರಿಶೀಲನೆಗೆ ಒಳಪಡಬೇಕು. ಬೇರೆ ಯಾವುದೇ ಮೊಲದ ಚಿತ್ರವನ್ನು ಪ್ರಮಾಣಪತ್ರವೆಂದು ತಿಳಿಯಬಾರದು.

ಪದಾರ್ಥಗಳು

ಪರೀಕ್ಷೆಗೆ ಒಳಪಡದ ವಸ್ತುವಿನಲ್ಲೂ ಪ್ರಾಣಿಜನ್ಯ ಅಂಶ ಇರಬಹುದು. ಲೇಬಲ್ಲಿನಲ್ಲಿ ಈ ಹೆಸರುಗಳನ್ನು ಗಮನಿಸಿ:

• ಕಾರ್ಮೈನ್, ಸಿಐ 75470: ಪಾಪಸುಕಳ್ಳಿಯ ಮೇಲೆ ಬದುಕುವ ಕೀಟಗಳನ್ನು ಒಣಗಿಸಿ ಪಡೆಯುವ ಕೆಂಪು ಬಣ್ಣ. ತುಟಿಗೆ ಹಚ್ಚಿದ್ದು ಬಾಯಿಗೂ ಸೇರುತ್ತದೆ.
• ಬೀಸ್‌ವ್ಯಾಕ್ಸ್, ಸೆರಾ ಆಲ್ಬಾ: ಜೇನುಮೇಣ. ಅಷ್ಟಮೂಲಗುಣಗಳಲ್ಲಿ ಮಧುತ್ಯಾಗವನ್ನು ಪಾಲಿಸುವವರು ಗಮನಿಸಬೇಕು.
• ಶೆಲ್ಯಾಕ್: ಅರಗಿನ ಹುಳುವಿನಿಂದ ಬರುವ ಅಂಟು. ಉಗುರುಬಣ್ಣದಲ್ಲಿ ಬಳಸುವುದುಂಟು.
• ಗ್ವಾನೀನ್, ಸಿಐ 75170: ಮೀನಿನ ಹುರುಪೆಯಿಂದ ಬರುವ ಮುತ್ತಿನಂಥ ಹೊಳಪು.
• ಲ್ಯಾನೋಲಿನ್: ಕುರಿಯ ಉಣ್ಣೆಯ ಜಿಡ್ಡು.
• ಕೊಲಾಜೆನ್, ಕೆರಾಟಿನ್: ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಗೊರಸು, ಉಣ್ಣೆ, ಗರಿಗಳಿಂದ ಬರುವ ಪ್ರೋಟೀನುಗಳು.
• ಗ್ಲಿಸರಿನ್, ಸ್ಟಿಯರಿಕ್ ಆಮ್ಲ, ಸ್ಕ್ವಾಲೇನ್: ಸಸ್ಯದಿಂದಲೂ ಬರುತ್ತವೆ, ಪ್ರಾಣಿಯಿಂದಲೂ ಬರುತ್ತವೆ. ಹೆಸರು ನೋಡಿ ಮೂಲ ತಿಳಿಯದು. ತಯಾರಕರನ್ನೇ ಕೇಳಬೇಕು.

ಗುರುತುಗಳ ಅರ್ಥ

'ಕ್ರೂಯೆಲ್ಟಿ ಫ್ರೀ' ಎಂಬುದು ಸಾಮಾನ್ಯವಾಗಿ ಪರೀಕ್ಷೆಯ ಬಗ್ಗೆ ಹೇಳುವ ಮಾತು. 'ವೀಗನ್' ಎಂದರೆ ಪ್ರಾಣಿಜನ್ಯ ಪದಾರ್ಥ ಇಲ್ಲವೆಂದು. ಹಸಿರು ಚುಕ್ಕೆಯೂ ಪದಾರ್ಥದ ಮೂಲವನ್ನು ಸೂಚಿಸುತ್ತದೆಯೇ ಹೊರತು ಪರೀಕ್ಷೆಯನ್ನಲ್ಲ. ಜೇನುಮೇಣ, ಲ್ಯಾನೋಲಿನ್‌ಗಳನ್ನು 'ಸಸ್ಯಾಹಾರಿ' ಎಂದು ಕರೆಯುವವರಿದ್ದಾರೆ. ಆದ್ದರಿಂದ ಚುಕ್ಕೆ ಕಂಡರೂ ಪದಾರ್ಥಗಳ ಪಟ್ಟಿಯನ್ನು ಓದಬೇಕು. 'ನ್ಯಾಚುರಲ್', 'ಹರ್ಬಲ್', 'ಆಯುರ್ವೇದಿಕ್' ಎಂಬ ಪದಗಳು ಎರಡೂ ಪ್ರಶ್ನೆಗಳಿಗೆ ಉತ್ತರವಲ್ಲ.

ಸಂದೇಹವಿದ್ದರೆ ಪೊಟ್ಟಣದ ಮೇಲಿರುವ ಗ್ರಾಹಕ ಸೇವಾ ವಿಳಾಸಕ್ಕೆ ಬರೆದು ಲಿಖಿತ ಉತ್ತರ ಕೇಳಬಹುದು. ಉತ್ತರ ಬರುವವರೆಗೆ ತಲೆಗೆ ಸೀಗೆಕಾಯಿ, ಅಂಟುವಾಳ, ಮೈಗೆ ಕಡಲೆಹಿಟ್ಟು, ಚರ್ಮಕ್ಕೆ ಕೊಬ್ಬರಿ ಎಣ್ಣೆ ಇದ್ದೇ ಇವೆ.