ಗೆರೆಯ ಕೆಳಗಿನ ಸಾಲು

ನಮ್ಮಜ್ಜ ನವಲಗುಂದ ತಾಲೂಕಿನಲ್ಲಿ ತಲಾಠಿ, ಅಂದರೆ ಊರಿನ ಲೆಕ್ಕಿಗ, ಆಗಿದ್ದರು. ಊರಿನ ಹೊಲಗಳ ದಾಖಲೆ, ಅಂದರೆ ಉತಾರಗಳೆಲ್ಲ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಹೊಲದ ಹಕ್ಕು ಬದಲಾದದ್ದನ್ನು ಬರೆಯುವ ವರ್ದಿ ಪುಸ್ತಕ ತಪಾಸಣೆಗೆ ಹೋಗಿಬಂದ ಪ್ರತಿಸಲ ಕೊನೆಯ ಸಾಲಿನ ಕೆಳಗೆ ಒಂದು ಕೆಂಪು ಗೆರೆ ಬಿದ್ದಿರುತ್ತಿತ್ತು. "ಗೆರಿ ಇಲ್ಲಂದ್ರ ನಡುವ ಯಾರರ ಒಂದ ಸಾಲ ತುರುಕ್ತಾರವ್ವ" ಅನ್ನುತ್ತಿದ್ದರು. ಮುಂದಿನ ಸಲ ಬಂದ ಸಾಹೇಬರು ಗೆರೆಯಿಂದ ಕೆಳಗಷ್ಟೇ ಓದಿದರೆ ಸಾಕು.

ಅಜ್ಜ ನಿವೃತ್ತರಾದ ಮೇಲೆ ಸರ್ಕಾರದ 'ಭೂಮಿ' ಯೋಜನೆ ಬಂತು. 2000ದ ಆಚೀಚೆ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರ್ ಸೇರಿದವು. ಕೈಬರಹದ್ದಕ್ಕೆ ಬೆಲೆ ಹೋಯಿತು. ತನ್ನದೇ ಹೊಲದ ಉತಾರಕ್ಕೆ 15 ರೂಪಾಯಿ ಹಿಡಿದು ತಹಶೀಲ್ದಾರ ಕಚೇರಿಯಲ್ಲಿ ಸರತಿ ನಿಂತ ಅಜ್ಜನಿಗೆ ಬೇಸರವೇನೂ ಆಗಲಿಲ್ಲ. ಕಂಡದ್ದು ಒಂದೇ: ಒಳಗಿನ ಹುಡುಗ ಬೆರಳಿಟ್ಟ ಮೇಲೇ ಪರದೆ ತೆರೆಯಿತು. ಯಾರು ಒಳಹೊಕ್ಕರು, ಏನು ತಿದ್ದಿದರು ಎಂಬುದು ಯಂತ್ರದಲ್ಲೇ ದಾಖಲು. ಬೆರಳಚ್ಚಿನ ಮಾತನ್ನು ಅವರು ವಾರಗಟ್ಟಲೆ ಹೇಳಿದರು.

ನಾನು ಹುಬ್ಬಳ್ಳಿಯಲ್ಲಿ ಕೂತು ಪೋಸ್ಟ್‌ಗ್ರೆಸ್‌ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಅಲ್ಲೂ ಯಾರು ಒಳಹೊಕ್ಕರೆಂದು ಬರೆದಿಡುವ ಪುಸ್ತಕವೊಂದಿದೆ, ಅದೇ ಲಾಗ್. ಅದರಲ್ಲಿ ಬಹುಕಾಲ ಯಾವ ಹೆಸರಿನಲ್ಲಿ ಒಳಬಂದರು ಎಂದಷ್ಟೇ ಇರುತ್ತಿತ್ತು. ಕೆರ್ಬೆರೋಸ್‌ನಂಥ ಗುರುತು-ಪರೀಕ್ಷೆಯ ದಾರಿಯಲ್ಲಿ ಬಂದವರ ಅಸಲಿ ಗುರುತು ಬೇರೆಯೇ ಇರಬಹುದು. 2021ರ 14ನೇ ಆವೃತ್ತಿಯಿಂದ ಆ ಗುರುತೂ, ಅದನ್ನು ಪರೀಕ್ಷಿಸಿದ ಬಗೆಯೂ ಲಾಗಿಗೆ ಬಂದವು.

ಹಾಗಾದರೆ ಆ ಸಾಲು ಸರಿಯಾಗಿ ಬೀಳುತ್ತಿದೆಯೇ ಎಂದೂ ಪರೀಕ್ಷಿಸಬೇಕಲ್ಲ. ಪಾಸ್‌ವರ್ಡ್, ಎಲ್‌ಡ್ಯಾಪ್, ಎಸ್‌ಎಸ್‌ಎಲ್, ಕೆರ್ಬೆರೋಸ್ ಹೀಗೆ ಒಳಬರುವ ಒಂದೊಂದು ದಾರಿಯ ಪರೀಕ್ಷೆಯನ್ನೂ ಒಂದೊಂದು ಥರ ಬರೆದಿದ್ದರು. ಅದೇ ವರ್ಷ ಡೇಟಾಬೇಸ್ ಬರೆಯುವವರು ಅವನ್ನೆಲ್ಲ ಎರಡು ಸಬ್‌ರುಟೀನ್‌ಗೆ ತಂದರು: ಒಳಹೊಗಬೇಕಾದವರಿಗೊಂದು, ಹೊರಗುಳಿಯಬೇಕಾದವರಿಗೊಂದು. ಲಾಗಿನಲ್ಲಿ ಯಾವ ಸಾಲು ಇರಬೇಕು, ಯಾವುದು ಇರಬಾರದು ಎಂದು ಹೇಳಿಬಿಟ್ಟರೆ ಆಯಿತು.

ಹಳೆಯ ಸಾಲುಗಳು ಮಾತ್ರ ಗಂಟುಬಿದ್ದವು. ನಿನ್ನೆ ಬಂದವನ ಸಾಲು ಸಿಕ್ಕರೂ ಪರೀಕ್ಷೆ ಪಾಸು! ಅದಕ್ಕೆ ಮೊದಮೊದಲು ಪ್ರತಿ ಸಂಪರ್ಕದ ಮುಂಚೆ ಲಾಗನ್ನೇ ಬರಿದು ಮಾಡುತ್ತಿದ್ದರು. ಮುಂದೆ ಏನಾದರೂ ಕೆಟ್ಟರೆ ಹಿಂದಿನದು ನೋಡಲು ಒಂದಕ್ಷರವೂ ಉಳಿಯದು. ಇದನ್ನು ಅಜ್ಜನಿಗೆ ಹೇಳಿದೆ. "ಪುಸ್ತಕ ಸುಟ್ಟ ತಪಾಸಣೆ ಮಾಡ್ತಾರೇನು?" ಅಂದರು. ತಲಾಠಿಗಳಿಗೆ ಅದಕ್ಕಿಂತ ದೊಡ್ಡ ಪಾಪವಿಲ್ಲ.

ಬರೆದವರೂ ಬೇಗ ಬದಲಾಯಿಸಿದರು. ಈಗ ಸಂಪರ್ಕಕ್ಕೆ ಮುಂಚೆ ಲಾಗಿನ ಉದ್ದ ಅಳೆದಿಟ್ಟುಕೊಳ್ಳುತ್ತಾರೆ, ಆಮೇಲೆ ಅಲ್ಲಿಂದ ಮುಂದಷ್ಟೇ ಓದುತ್ತಾರೆ. ಪರದೆಯ ಮೇಲೆ ಉದ್ದ ಅಳೆಯುವ ಆ ಒಂದು ಸಾಲು ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ನೋಡಿ, "ಬಣ್ಣ ಕೆಂಪ ಇಲ್ಲ" ಅಂದರು.